ಬೆಕ್ಕಿಗೆಂದು ಹೊಲಿದ ಕುಲಾವಿ

ನಮ್ಮ ಮನೆಯಲ್ಲಿ ಸುಮ್ಮನೆ ಕೂತಿರುವುದು ಯಾರಿಗೂ ಬರುತ್ತಿರಲಿಲ್ಲ. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ, ಗುಡ್ಡದ ಬಂಡೆಗಳಿಗೆ ಬೆನ್ನು ಕೊಟ್ಟು ನಿಂತ ಮೂರು ಅಂಕಣದ ಮನೆ ಅದು. ಮುಂದಿನ ಅಂಕಣದಲ್ಲಿ ಅಪ್ಪನ ಕುಣಿಮಗ್ಗ. ನೆಲದಲ್ಲಿ ಅಗೆದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಬೆಳಕು ಹರಿದಾಗಿನಿಂದ ನೇಯುತ್ತಿದ್ದ. ನಡುವಿನ ಅಂಕಣದಲ್ಲಿ ಅವ್ವನ ರಾಟೆ, ಕಾಳಿನ ಗುಡಾಣಗಳು, ಅಜ್ಜಿಯ ಚಾಪೆ. ಹಿಂದಿನದರಲ್ಲಿ ಒಲೆ, ಬೀಸುವ ಕಲ್ಲು, ಹಿತ್ತಲ ಬಾಗಿಲು. ಮಗ್ಗ ನಿಂತರೆ ರಾಟೆಯ ಸದ್ದು, ರಾಟೆ ನಿಂತರೆ ಕಲ್ಲಿನ ಸದ್ದು. ಮೂರೂ ನಿಂತವೆಂದರೆ ಮನೆಯಲ್ಲಿ ಏನೋ ಆಗಿದೆ ಎಂದು ಬೀದಿಯವರೆಲ್ಲ ತಿಳಿಯುತ್ತಿದ್ದರು. ನನ್ನ ಪಾಲಿನ ಕೆಲಸ ಕಂಡಿಕೆ ಸುತ್ತುವುದು, ಅಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ರೇಷ್ಮೆ ಎಳೆ ತುಂಬುವುದು. ಒಂದು ಕಂಡಿಕೆ ಮುಗಿದರೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆಯಬೇಕೆಂದು ಅಪ್ಪ ಕಲಿಸಿದ್ದ. ಐದಾದರೆ ಒಂದು ಅಡ್ಡಗೀಟು. ಆ ಗೋಡೆಯೇ ನನ್ನ ಮೊದಲ ದಿನಚರಿ. ಈಗ ನನ್ನ ಹತ್ತಿರ ಹೊಲಿದ ಕಾಗದದ ಪುಸ್ತಕವಿದೆ, ತಿಥಿ ವಾರ ಹಾಕಿ ದಿನವೂ ಬರೆಯುತ್ತೇನೆ. ಮನೆಗೆ ಬಂದವರು ಎಷ್ಟು, ಬಾವಿಯಿಂದ ತಂದ ಕೊಡ ಎಷ್ಟು, ಮಾತು ಬಿಟ್ಟ ದಿನ ಎಷ್ಟು ಎಂದು ಬರೆದಿಡುವುದನ್ನು ಕಂಡು ಜನ ನಗುತ್ತಾರೆ. ನಗಲಿ. ಎಣಿಸದೆ ಹೋದರೆ ನನ್ನ ಕೈಕಾಲು ನಿಲ್ಲುವುದಿಲ್ಲ. ಇದು ನನಗೆ ಅಂಟಿದ್ದು ನನ್ನ ಒಂಬತ್ತನೆಯ ವಯಸ್ಸಿನಲ್ಲಿ, ನಮ್ಮ ಮನೆಗೆ ಒಂದು ಬೆಕ್ಕು ಬರಬೇಕಾಗಿದ್ದ ತಿಂಗಳುಗಳಲ್ಲಿ.

ಆಗ ಅವ್ವ ಬಸುರಿ. ನನ್ನ ನಂತರ ಅವಳಿಗೆ ಎರಡು ಕೂಸು ಹುಟ್ಟಿ ಹೋಗಿದ್ದವು. ಮೊದಲನೆಯದು ಹುಟ್ಟುವ ಮುಂಚೆಯೇ ಅಪ್ಪ ಹಿಗ್ಗಿನಲ್ಲಿ ರಾಂಪುರದ ಬಡಗಿಯಿಂದ ತೊಟ್ಟಿಲು ಮಾಡಿಸಿ, ಬಣ್ಣ ಬಳಿಸಿ, ಬಂಡಿಯ ಮೇಲಿಟ್ಟು ಬೀದಿಯುದ್ದಕ್ಕೂ ಕಾಣುವಂತೆ ತಂದಿದ್ದ. ಆ ಕೂಸು ಒಂಬತ್ತನೆಯ ದಿನ ತೀರಿಕೊಂಡಿತು. ಹುಟ್ಟದ ಮಗುವಿಗೆ ಏನನ್ನೂ ಸಿದ್ಧ ಮಾಡಬಾರದು, ಒಂದು ಎಳೆ ದಾರವನ್ನೂ ತೆಗೆದಿಡಬಾರದು ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಕಟ್ಟು. ಅಪ್ಪ ಅದನ್ನು ಮುರಿದಿದ್ದ. ಅಜ್ಜಿ ತೊಟ್ಟಿಲನ್ನು ತಾನೇ ಕೊಡಲಿಯಿಂದ ಒಡೆದು ಒಲೆಗೆ ಹಾಕಿದಳು. ಎರಡನೆಯ ಸಲ ಅವಳ ಮಾತಿನಂತೆ ಮನೆಯಲ್ಲಿ ಒಂದು ಚಿಂದಿಯನ್ನೂ ತೆಗೆದಿಡಲಿಲ್ಲ. ಕೂಸು ಚಳಿಗಾಲದ ಬೆಳಗಿನಲ್ಲಿ ಹುಟ್ಟಿತು. ಸುತ್ತಲು ಮೆತ್ತನೆಯದು ಏನೂ ಸಿಗದೆ ಅಪ್ಪನ ಒರಟು ಕಂಬಳಿಯ ಚೂರಿನಲ್ಲಿ ಸುತ್ತಿದರು. ಸಂಜೆಯವರೆಗೂ ಅದು ಇರಲಿಲ್ಲ. ಅಜ್ಜಿಯ ಮನಸ್ಸಿನಲ್ಲಿ ತೊಟ್ಟಿಲು ಉಳಿದಿತ್ತು, ಅವ್ವನ ಮನಸ್ಸಿನಲ್ಲಿ ಕಂಬಳಿ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಸೊಪ್ಪು ಸೋಸುತ್ತಿದ್ದರು, ಆ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಆದರೆ ಅವ್ವನ ಕೈ ಏನನ್ನೋ ಹುಡುಕುತ್ತಿತ್ತು. ರಾಟೆ ಬಿಟ್ಟು ಏಳುವಳು, ಪೆಟ್ಟಿಗೆ ತೆರೆಯುವಳು, ಹಳೆಯ ಸೀರೆಯೊಂದನ್ನು ತೆಗೆದು ಕೆನ್ನೆಗೆ ಒತ್ತಿ ನೋಡುವಳು, ಮತ್ತೆ ಒಳಗಿಟ್ಟು ಮುಚ್ಚುವಳು. ಹೀಗೆ ಒಂದು ದಿನ ಏಳು ಸಲ ಪೆಟ್ಟಿಗೆ ತೆರೆದಳು. ನಾನು ಎಣಿಸಿದ್ದೆ.

ಒಂದು ಬೆಳಗ್ಗೆ ಅಪ್ಪ ಮಗ್ಗಕ್ಕೆ ಇಳಿದವನು ಕೂಗಿಕೊಂಡ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿದ್ದ ಎಳೆಗಳ ಕೆಂಪು ಹಾಸನ್ನು ಇಲಿ ಕಡಿದಿತ್ತು. ನೂರಾರು ಎಳೆಗಳು ತುಂಡಾಗಿ ಕೂದಲಿನಂತೆ ಜೋತಾಡುತ್ತಿದ್ದವು. ಆ ವರ್ಷಗಳಲ್ಲಿ ಇಲಿಯೆಂದರೆ ಬೇರೆ ಭಯವೂ ಇತ್ತು. ದೊಡ್ಡ ಊರುಗಳಲ್ಲಿ ಪ್ಲೇಗಿನಿಂದ ಇಲಿ ಬಿದ್ದವೆಂದು ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡ ಸುದ್ದಿಯನ್ನು ಬಂಡಿಯವರು ತರುತ್ತಿದ್ದರು. ಅಪ್ಪ ಎರಡು ದಿನ ಎಳೆಗೆ ಎಳೆ ಹೊಸೆದು ಸೇರಿಸಿದ. ಮೂರನೆಯ ದಿನ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದ:

"ಬೆಕ್ಕು ತರ್ತೀನಿ."

ಅಜ್ಜಿ ಹುಟ್ಟಿದ್ದು ರಾಯದುರ್ಗದ ಕಡೆ, ಸಿಟ್ಟು ಬಂದರೆ ಅವಳ ಮಾತಿಗೆ ತೆಲುಗು ಬೆರೆಯುತ್ತಿತ್ತು. ಬೆಕ್ಕನ್ನು ಅವಳು ಪಿಲ್ಲಿ ಎಂದೇ ಕರೆಯುತ್ತಿದ್ದಳು.

"ನೂಲಿನ ಮನ್ಯಾಗೆ ಪಿಲ್ಲೀನಾ? ಇಲಿ ನೂರು ಎಳೆ ಕಡಿದ್ರೆ ಅದು ಸಾವಿರ ಎಳೆ ಪರಚ್ತೈತೆ. ನಿನ್ನ ಬುದ್ಧಿ ಎಲ್ಲಿಟ್ಟೀಯೋ?"

"ಹಂಗಾದ್ರೆ ನೀನೇ ಇಲಿ ಹಿಡಿಯವ್ವ. ಮಗ್ಗದ ಕುಣ್ಯಾಗೆ ಕುಂದ್ರು."

ನನಗೆ ನಗು ಬಂತು. ಅಜ್ಜಿ ಮುದ್ದೆ ಮುರಿಯುತ್ತಿದ್ದ ಕೈಯನ್ನು ನನ್ನ ಕಡೆ ಎತ್ತಿದಳು. ಅಷ್ಟರಲ್ಲಿ, ಅತ್ತೆಯ ಮುಂದೆ ದನಿ ಎತ್ತದ ಅವ್ವ ಒಲೆಯ ಹತ್ತಿರದಿಂದ ಮಾತಾಡಿದಳು:

"ಬರ್ಲಿ ಬಿಡ್ರಿ ಅತ್ತೆಮ್ಮ. ಅದಕ್ಕೆ ಏನೇನು ಬೇಕೋ ಎಲ್ಲಾ ನಾನು ಮಾಡಿಡ್ತೀನಿ."

ಅಜ್ಜಿ ಅವ್ವನ ಮುಖವನ್ನು ನೋಡಿದಳು. ಹೊಟ್ಟೆಯನ್ನು ನೋಡಿದಳು. ಆಮೇಲೆ ಮುದ್ದೆ ನುಂಗಿ, ನೀರು ಕುಡಿದು, ಎದ್ದು ಹೋದಳು. ಬೇಡ ಎನ್ನಲಿಲ್ಲ.

ಬೆಕ್ಕು ಬರಬೇಕಾದದ್ದು ಚಳ್ಳಕೆರೆಯಿಂದ. ಅಲ್ಲಿಯ ಗಾಣದ ಎಣ್ಣೆಯನ್ನು ಬಂಡಿಯಲ್ಲಿ ನಮ್ಮೂರಿಗೆ ತರುತ್ತಿದ್ದ ಖಾಸಿಂ ಸಾಬರ ಮನೆಯಲ್ಲಿ ಇಲಿ ಹಿಡಿಯುವುದಕ್ಕೆ ಹೆಸರಾದ ಒಂದು ಬೆಕ್ಕಿತ್ತು. ಎತ್ತಿನ ಗಂಟೆಯ ಸದ್ದಿಗಿಂತ ಮೊದಲು ಅವರ ಬಂಡಿಯ ಹರಳೆಣ್ಣೆ ವಾಸನೆ ನಮ್ಮ ಬೀದಿಗೆ ಬರುತ್ತಿತ್ತು. ಅಪ್ಪ ಕೇಳಿದ್ದಕ್ಕೆ ಅವರು ಗಡ್ಡ ನೀವಿಕೊಂಡು ನಕ್ಕರು:

"ಮೊನ್ನೆ ತಾನೇ ನಾಲ್ಕು ಹಾಕೈತೆ. ಇನ್ನೂ ಕಣ್ಣು ಬಿಟ್ಟಿಲ್ಲ. ಹಾಲು ಬಿಡೋತನಕ ಕೊಡಾಕಿಲ್ಲ ಅಂತಾಳೆ ನಮ್ಮ ಬೀಬಿ. ಇದೊಂದು ಸಲ ಹೋಗಿ ಬಂದು, ಮುಂದಿನ ಸಲ ತರ್ತೀನಿ. ಅಲ್ಲೀತನಕ ನೀನು ಎಲ್ಲಾ ತಯಾರು ಮಾಡಿಟ್ಟಿರು ಬೇಟಿ. ಬಂದ ಕೂಡ್ಲೇ ನಾನು ಒಂದೊಂದೇ ನೋಡ್ತೀನಿ, ಏನಾದ್ರೂ ಕಮ್ಮಿ ಇದ್ರೆ ಮರೀನ ವಾಪಸ್ ಕರ್ಕೊಂಡು ಹೋಗ್ತೀನಿ."

ಅವರು ತಮಾಷೆಗೆ ಹೇಳಿದ್ದು. ನಾನು ಅದನ್ನು ಆಣೆಯಂತೆ ಹಿಡಿದೆ. ಅವರ ಬಂಡಿ ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಬರುತ್ತಿತ್ತು. ಗೋಡೆಯಲ್ಲಿ ಕಂಡಿಕೆಯ ಗೀಟುಗಳ ಪಕ್ಕಕ್ಕೆ ಎರಡು ಹೊಸ ಸಾಲು ಮಾಡಿದೆ. ಒಂದರಲ್ಲಿ ಕಳೆದ ದಿನಗಳು, ಇನ್ನೊಂದರಲ್ಲಿ ಬೆಕ್ಕಿಗೆ ಸಿದ್ಧವಾದ ಸಾಮಾನುಗಳು. ಬರೆಯಲು ಅಕ್ಷರ ಅಷ್ಟಾಗಿ ಬರುತ್ತಿರಲಿಲ್ಲ, ಮಠದ ಅಯ್ಯನವರ ಹತ್ತಿರ ಮರಳಿನಲ್ಲಿ ತೀಡಿದಷ್ಟೇ. ಆದ್ದರಿಂದ ಒಂದೊಂದು ಗೀಟಿನ ತಲೆಯ ಮೇಲೆ ಆ ಸಾಮಾನಿನ ಸಣ್ಣ ಚಿತ್ರ ಬಿಡಿಸುತ್ತಿದ್ದೆ. ಮೊದಲನೆಯದು ಹಾಲಿಗೆ ತೆಂಗಿನ ಚಿಪ್ಪು. ಅಂಚು ಬಾಯಿಗೆ ಚುಚ್ಚದಂತೆ ಕಲ್ಲಿಗೆ ಉಜ್ಜಿ ಉಜ್ಜಿ ನುಣುಪು ಮಾಡಿದೆ. ಎರಡನೆಯದು ಒಡೆದ ಮಡಕೆಯ ತಳ, ಅದರ ತುಂಬ ಜರಡಿ ಹಿಡಿದ ಒಲೆಯ ಬೂದಿ. ಬೆಕ್ಕು ಅದರಲ್ಲಿ ಕೆದರಿ ಕೂರಬೇಕು, ಕೂತು ಮುಚ್ಚಬೇಕು ಎಂದು ಅಪ್ಪ ಹೇಳಿದ. ಮೂರನೆಯದು ನೆಲುವು. ಹಾಲು ಮೊಸರಿನ ಗಡಿಗೆಗಳನ್ನು ತೂಗುಹಾಕಿದ್ದ ಹಗ್ಗವನ್ನು ಅಪ್ಪ ಜಂತೆಗೆ ಇನ್ನೂ ಒಂದು ಮೊಳ ಮೇಲೆ ಬಿಗಿದ, ಅಜ್ಜಿಗೆ ಕೈ ಎಟುಕದಂತಾಗಿ ಅದಕ್ಕೊಂದು ಜಗಳವಾಯಿತು. ನಾಲ್ಕನೆಯದು, ಅಪ್ಪ ಮಗ್ಗ ಬಿಟ್ಟು ಏಳುವಾಗ ಹಾಸಿನ ಮೇಲೆ ಮುಚ್ಚಲು ದಪ್ಪ ಬಟ್ಟೆ. ಐದನೆಯದು, ಮೊದಲ ಮೂರು ದಿನ ಕಟ್ಟಿಹಾಕಲು ಇಲಿ ಕಡಿದ ಎಳೆಗಳನ್ನು ನಾನು ಹೊಸೆದು ಮಾಡಿದ ಕೆಂಪು ಹಗ್ಗ. ಅಜ್ಜಿ ತನ್ನ ಪಾಲಿನದನ್ನು ಬಾಯಲ್ಲೇ ಹೇಳಿ ಮುಗಿಸಿದಳು. ದಾರಿ ನೆನಪಿಟ್ಟುಕೊಳ್ಳದಂತೆ ಚೀಲದ ಬಾಯಿ ಕಟ್ಟಿ ತರಬೇಕು, ಒಲೆಯ ಸುತ್ತ ಮೂರು ಸುತ್ತು ತಿರುಗಿಸಬೇಕು, ನಾಲ್ಕು ಪಾದಕ್ಕೂ ತುಪ್ಪ ಹಚ್ಚಬೇಕು. ಅದನ್ನು ನೆಕ್ಕುತ್ತಾ ನೆಕ್ಕುತ್ತಾ ಹಳೆಯ ಮನೆಯನ್ನು ಮರೆಯುತ್ತದಂತೆ.

ಅವ್ವ ಮಾಡಿದ ಸಾಮಾನು ಬೇರೆ ತರಹದವು. ಮೊದಲು ಹಳೆಯ ಸೀರೆ ಹೊರಗೆ ಬಂತು. ಅದನ್ನು ಮತ್ತೆ ಮತ್ತೆ ಸೀಗೆಪುಡಿ ಹಾಕಿ ಒಗೆದು, ಬಿಸಿಲಿಗೆ ಹಾಕಿ, ಕೈಯಲ್ಲಿ ಹಿಸುಕಿ ಮೆತ್ತಗೆ ಮಾಡಿದಳು. ಅದರಿಂದ ನಾಲ್ಕು ಪದರದ ಒಂದು ಪುಟ್ಟ ಕೌದಿ ಹೊಲಿದಳು, ಹೊಲಿಗೆಗಳು ಸಾಸಿವೆಯಷ್ಟು ಚಿಕ್ಕವು. ಈಚಲ ಬುಟ್ಟಿಯೊಂದನ್ನು ಮೇದರವರ ಹತ್ತಿರ ಹೇಳಿ ಹೆಣೆಸಿದಳು. ಅದು ಬೆಕ್ಕಿನ ಮರಿಗೆ ತುಂಬ ಉದ್ದವಾಯಿತು ಎಂದು ನಾನು ಅಳತೆ ಹಿಡಿದು ತೋರಿಸಿದರೆ, "ದೊಡ್ದಾಗ್ತೈತಲ್ಲ" ಎಂದಳು. ಆಮೇಲೆ ಚೌಕದ ಬಟ್ಟೆ ತುಂಡುಗಳು ಬಂದವು, ಅಂಚು ಮಡಿಸಿ ಹೊಲಿದವು, ಒಂದಲ್ಲ ಎರಡಲ್ಲ ಹನ್ನೆರಡು. ಹನ್ನೆರಡು ಗೀಟು ಎಳೆಯಲು ಗೋಡೆಯಲ್ಲಿ ಜಾಗ ಸಾಲದೆ ನಾನು ಅಜ್ಜಿಯ ಚಾಪೆಯ ಮೇಲಿನ ಗೋಡೆಗೆ ದಾಟಿದೆ. ಅಜ್ಜಿ ಗೀಟುಗಳನ್ನು ನೋಡಿದಳು, ಬಟ್ಟೆಯ ಕಟ್ಟನ್ನು ನೋಡಿದಳು.

"ಏಂದೇ ಇದಿ? ಪಿಲ್ಲಿಗೆ ಇಷ್ಟೊಂದು ಬಟ್ಟೇನಾ?"

ಅವ್ವ ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

"ಬೆಕ್ಕಿಗೇ ಅತ್ತೆಮ್ಮ. ಮಳ್ಯಾಗೆ ನೆಂದು ಬಂದ್ರೆ ಒರಸಾಕೆ."

"ನಮ್ಮೂರಾಗೆ ಮಳೆ ಎಲ್ಲಿ ಬರ್ತೈತವ್ವ?" ಎಂದೆ ನಾನು. "ಹೋದ ವರ್ಷ ಆರೇ ದಿನ ಬಂದಿದ್ದು."

"ನೀನು ಸುಮ್ನೆ ಕಂಡಿಕೆ ಸುತ್ತೇ ತಿಪ್ಪೀ," ಎಂದಳು ಅಜ್ಜಿ. ಅವಳು ಬೈದದ್ದು ನನ್ನನ್ನು, ಅವ್ವನನ್ನಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ನನಗೆ ನಿಜವಾಗಿ ಗೊತ್ತಿರಲಿಲ್ಲವೇ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಅವ್ವನ ಹೊಟ್ಟೆ ಕಾಣುತ್ತಿತ್ತು, ಎರಡು ಕೂಸುಗಳ ನೆನಪೂ ಇತ್ತು. ಆದರೆ ಹುಟ್ಟದ ಮಗುವಿಗೆ ಏನನ್ನೂ ಮಾಡುವುದಿಲ್ಲ ಎಂಬುದು ಸೂರ್ಯ ಮೂಡುವಷ್ಟು ಖಂಡಿತವಾಗಿದ್ದ ಮನೆಯಲ್ಲಿ, ಅವ್ವ ಮಾಡುತ್ತಿರುವುದು ಬೆಕ್ಕಿಗಲ್ಲದೆ ಇನ್ಯಾರಿಗೆ? ನನಗೆ ಬೇಕಾಗಿದ್ದೂ ಅದೇ ಉತ್ತರ. ನಾನು ಆ ಬೆಕ್ಕಿಗಾಗಿ ಕೂತಲ್ಲಿ ಕೂರದೆ ಒದ್ದಾಡುತ್ತಿದ್ದೆ. ಸಂಜೆಗೆ ಮುಂಚೆ ಊರಾಚೆ ಚಳ್ಳಕೆರೆ ದಾರಿ ಕಾಣುವ ಬಂಡೆಯವರೆಗೆ ಓಡುವುದು, ಬರುವ ಬಂಡಿಗಳನ್ನು ಎಣಿಸುವುದು, ಓಡಿ ಬಂದು ಗೀಟು ಎಳೆಯುವುದು. ಊಟದ ನಡುವೆ ಎದ್ದು ಬೂದಿ ಮಡಕೆಯಲ್ಲಿ ಇರುವೆ ಬಂತೇ ಎಂದು ನೋಡುವುದು. ಅವ್ವನೂ ಹಾಗೆಯೇ ಏಳುತ್ತಿದ್ದಳು, ಬುಟ್ಟಿಯ ಬಟ್ಟೆಗಳನ್ನು ತೆಗೆದು ಮತ್ತೆ ಮಡಿಸಿ ಇಡುತ್ತಿದ್ದಳು. ನಾವಿಬ್ಬರೂ ಒಂದೇ ಬುಟ್ಟಿಯ ಸುತ್ತ ತಿರುಗುತ್ತಿದ್ದೆವು.

ಖಾಸಿಂ ಸಾಬರು ಒಂದು ಸಲ ಬಂದು, ಎಣ್ಣೆ ಕೊಟ್ಟು, ಮರಿಗಳು ಕಣ್ಣು ಬಿಟ್ಟ ಸುದ್ದಿ ಹೇಳಿ ಹೋದರು. ಅದಾದ ನಾಲ್ಕನೆಯ ದಿನ ಅವ್ವ ಮಗ್ಗದಿಂದ ಉಳಿದ ಹಳದಿ ಕೆಂಪು ರೇಷ್ಮೆಯ ಚೂರುಗಳನ್ನು ಸೇರಿಸಿ ಒಂದು ಕುಲಾವಿ ಹೊಲಿಯತೊಡಗಿದಳು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಗದ್ದದ ಕೆಳಗೆ ಕಟ್ಟಲು ಎರಡು ಲಾಡಿ.

"ಬೆಕ್ಕಿಗೆ ಕುಲಾವೀನಾ ಅವ್ವ?"

"ಹೂಂ. ಚಳೀಗೆ ಕಿವಿ ಬೆಚ್ಚಗಿರ್ಬೇಕು."

"ಯಾರ ಮನೆ ಬೆಕ್ಕೂ ಹಾಕ್ಕೊಂಡಿದ್ದು ನಾನು ನೋಡಿಲ್ಲ."

"ನಮ್ಮ ಬೆಕ್ಕು ಹಾಕ್ಕೊಂತೈತೆ," ಎಂದಳು. ಹೇಳುವಾಗ ನಕ್ಕಳು. ಆ ತಿಂಗಳುಗಳಲ್ಲಿ ಅವ್ವ ನಕ್ಕದ್ದಕ್ಕೆ ನಾನು ಗೀಟು ಹಾಕಿರಲಿಲ್ಲ, ಹಾಕಿದ್ದರೂ ಮೂರು ನಾಲ್ಕಕ್ಕಿಂತ ಹೆಚ್ಚಾಗುತ್ತಿರಲಿಲ್ಲ.

ಮರುದಿನ ಕುಲಾವಿ ಮುಗಿದು ಬುಟ್ಟಿಯಲ್ಲಿ ಕೂತಿತು. ಅದನ್ನು ಗೋಡೆಯಲ್ಲಿ ಬಿಡಿಸುವಾಗ ನನಗೆ ಒಂದು ತಪ್ಪು ಕಣ್ಣಿಗೆ ಬಿತ್ತು. ಬೆಕ್ಕಿನ ಕಿವಿ ಮನುಷ್ಯರ ಹಾಗೆ ಪಕ್ಕದಲ್ಲಿರುವುದಿಲ್ಲ, ತಲೆಯ ಮೇಲೆ ನಿಂತಿರುತ್ತದೆ. ಈ ಕುಲಾವಿ ಹಾಕಿದರೆ ಕಿವಿ ಮಡಿಸಿಕೊಂಡು ನೋಯುತ್ತದೆ, ಇಲಿಯ ಸಪ್ಪಳವೂ ಕೇಳುವುದಿಲ್ಲ. ಇಷ್ಟೆಲ್ಲ ಸಿದ್ಧವಾಗಿ, ಖಾಸಿಂ ಸಾಬರು ಒಂದೊಂದೇ ನೋಡುವಾಗ ಇದನ್ನು ಹಿಡಿದು ಮರಿಯನ್ನು ವಾಪಸ್ ಒಯ್ದರೆ? ಗುಡಿಯ ಕಟ್ಟೆಯ ಮೇಲೆ ಒಂದು ಮುದಿ ಗಂಡುಬೆಕ್ಕು ಬಿಸಿಲು ಕಾಯಿಸುತ್ತಾ ಮಲಗಿರುತ್ತಿತ್ತು. ನಾನು ಒಂದು ಎಳೆ ದಾರ ಹಿಡಿದು ಹೋಗಿ ಅದರ ಎರಡು ಕಿವಿಗಳ ನಡುವೆ ಅಳೆದೆ. ದಾರಕ್ಕೆ ಎರಡು ಗಂಟು ಹಾಕಿದೆ, ಮೊಣಕೈಗೆ ಮೂರು ಪರಚು ಬಿತ್ತು. ಮರಿಯದು ಇದರ ಅರ್ಧ ಎಂದು ದಾರವನ್ನು ಮಡಿಸಿ ಗುರುತು ಮಾಡಿಕೊಂಡು, ಅಪ್ಪ ಊಟಕ್ಕೆ ಎದ್ದಾಗ ಮಗ್ಗದ ಕತ್ತರಿ ತೆಗೆದು, ಕುಲಾವಿಯ ನೆತ್ತಿಯಲ್ಲಿ ಎರಡು ಕಂಡಿ ಕತ್ತರಿಸಿದೆ. ಒಂದೂ ಎಳೆ ಹಿಂಜದಂತೆ ಅಚ್ಚುಕಟ್ಟಾಗಿ ಕತ್ತರಿಸಿದ್ದೆ. ಅವ್ವನಿಗೆ ತೋರಿಸಲು ಅಡುಗೆ ಅಂಕಣಕ್ಕೆ ಓಡಿದೆ.

ಅವ್ವ ಕುಲಾವಿಯನ್ನು ಕೈಗೆ ತೆಗೆದುಕೊಂಡಳು. ಕಂಡಿಗಳೊಳಗೆ ಎರಡು ಬೆರಳು ತೂರಿಸಿದಳು. ನನ್ನ ಕೆನ್ನೆಗೆ ಏಟು ಬಿತ್ತು. ಅದುವರೆಗೆ ಅವಳು ನನ್ನನ್ನು ಹೊಡೆದವಳಲ್ಲ. ಮರುಗಳಿಗೆ ಒಲೆಯ ಮುಂದೆ ಕುಸಿದು ಕೂತು ಕುಲಾವಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೆ ಆಗ ಎಲ್ಲವೂ ಒಟ್ಟಿಗೆ ತಿಳಿಯಿತು, ಉದ್ದದ ಬುಟ್ಟಿ, ಹನ್ನೆರಡು ಬಟ್ಟೆ, ಸಾಸಿವೆಯಂಥ ಹೊಲಿಗೆ. ಅಜ್ಜಿ ಬೀಸುವ ಕಲ್ಲು ನಿಲ್ಲಿಸಿದ್ದಳು. ಎದ್ದು ಬಂದಳು. ನಾನು ಅವಳ ಮುಖ ನೋಡಲಾರದೆ ಅವಳ ಕಾಲು ನೋಡುತ್ತಾ ನಿಂತೆ. ಇನ್ನು ಮುಗಿಯಿತು, ಬುಟ್ಟಿ, ಕೌದಿ, ಬಟ್ಟೆ ಎಲ್ಲವೂ ತೊಟ್ಟಿಲಿನ ಹಾಗೆ ಒಲೆಗೆ ಹೋಗುತ್ತವೆ, ನನ್ನಿಂದಲೇ ಹೋಗುತ್ತವೆ ಎಂದುಕೊಂಡೆ. ಅಜ್ಜಿ ಬಗ್ಗಿ ಅವ್ವನ ಕೈಯಿಂದ ಕುಲಾವಿ ಬಿಡಿಸಿಕೊಂಡಳು. ಬೆಳಕಿಗೆ ಹಿಡಿದಳು.

"ಯಾಕೆ ಅಳ್ತೀಯೇ ಓಬಮ್ಮ? ಪಿಲ್ಲಿಗಲ್ವಾ ನೀನು ಹೊಲ್ದಿದ್ದು?"

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಕೇಳಿದ್ದು ನಿನ್ನನ್ನೇ. ಪಿಲ್ಲಿಗಲ್ವಾ?"

"ಹೂಂ," ಎಂದಳು ಅವ್ವ, ಅಳುವಿನ ನಡುವೆಯೇ.

"ಮತ್ತೆ ಹುಡುಗಿ ಸರ್ಯಾಗೇ ಮಾಡೈತೆ ಬಿಡು. ಪಿಲ್ಲಿಗೆ ಕಿವಿ ಮ್ಯಾಲೆ ಇರ್ತಾವೆ. ಈಗ ಯಾವ ಕಣ್ಣು ನೋಡಿದ್ರೂ, ಇದು ಪಿಲ್ಲೀದೇ ಅಂತೈತೆ."

ಕುಲಾವಿಯನ್ನು ಮಡಿಸಿ ತಾನೇ ಬುಟ್ಟಿಯಲ್ಲಿಟ್ಟಳು. ಹೋಗುವಾಗ ನನ್ನ ಏಟು ಬಿದ್ದ ಕೆನ್ನೆಯನ್ನು ಹಿಟ್ಟಿನ ಕೈಯಿಂದ ಒಮ್ಮೆ ಉಜ್ಜಿದಳು. ಮಧ್ಯಾಹ್ನ ನಾನು ಗೋಡೆಯ ಗೀಟಿಗೂ ಬುಟ್ಟಿಯ ಸಾಮಾನಿಗೂ ತಾಳೆ ನೋಡಿದೆ. ಒಂದು ಹೆಚ್ಚಿಗೆ ಬಂತು. ಕೌದಿಯ ಕೆಳಗೆ, ಅರಿಶಿನದ ಬಟ್ಟೆಯಲ್ಲಿ ಸುತ್ತಿದ ಒಂದು ಬಜೆಯ ಬೇರು. ಎಳೆಗೂಸುಗಳಿಗೆ ಹೊಟ್ಟೆನೋವು ಬಂದರೆ ಕಲ್ಲಿನಲ್ಲಿ ತೇಯ್ದು ನೆಕ್ಕಿಸುವ ಬಜೆ. ಅಜ್ಜಿಯನ್ನು ಕೇಳಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು, ಮುಖ ಎತ್ತಲಿಲ್ಲ.

"ಪಿಲ್ಲಿಗೆ ಹೊಟ್ಟೆ ನೋವು ಬರಾಕಿಲ್ವಾ?"

ಖಾಸಿಂ ಸಾಬರು ಬರಬೇಕಾದ ಹುಣ್ಣಿಮೆ ಬಂತು, ಹೋಯಿತು. ನಾಲ್ಕು ದಿನ ಮೇಲಾಯಿತು. ಬಂಡೆಯ ಹತ್ತಿರ ನಿಂತು ಎಣಿಸಿದ ಬಂಡಿಗಳಲ್ಲಿ ಎಣ್ಣೆಯ ವಾಸನೆಯ ಬಂಡಿ ಇರಲಿಲ್ಲ. ಐದನೆಯ ದಿನ ಸೋಮವಾರ, ನಾನು ಮೂರನೆಯ ಕಂಡಿಕೆಯಲ್ಲಿದ್ದಾಗ ಅವ್ವ ರಾಟೆಯ ಹಿಡಿಯನ್ನು ಹಿಡಿದುಕೊಂಡೇ ಮುಂದಕ್ಕೆ ಬಗ್ಗಿದಳು. ಇನ್ನೂ ದಿನ ತುಂಬಿರಲಿಲ್ಲ. ಅಜ್ಜಿ ಸೂಲಗಿತ್ತಿಯನ್ನು ಕರೆಸಿದಳು, ಹಿಂದಿನ ಅಂಕಣದ ಬಾಗಿಲು ಹಾಕಿಕೊಂಡಳು. ರಾಟೆ ನಿಂತಿತು, ಬೀಸುವ ಕಲ್ಲು ನಿಂತಿತು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ, ಲಾಳಿ ಕೈಯಲ್ಲಿತ್ತು, ಎಸೆಯುತ್ತಿರಲಿಲ್ಲ. ನಾನು ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಹೆಜ್ಜೆ ಎಣಿಸಿದೆ. ಹದಿನೇಳು. ತಿರುಗಿ ಬಂದರೆ ಹದಿನೆಂಟು. ಒಮ್ಮೆಯೂ ಸರಿಹೊಂದಲಿಲ್ಲ. ಒಳಗಿನಿಂದ ಅವ್ವನ ನರಳಾಟ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ನಮ್ಮ ಮನೆಯಲ್ಲಿ ಅಷ್ಟು ಸದ್ದಿಲ್ಲದ ಹೊತ್ತನ್ನು ನಾನು ಕಂಡಿರಲಿಲ್ಲ. ಅಪ್ಪ ನನ್ನ ಕಡೆ ನೋಡಿದ, ನಾನು ಅಪ್ಪನ ಕಡೆ ನೋಡಿದೆ. ಬಾಗಿಲು ಒಂದು ಗೇಣಿನಷ್ಟು ತೆರೆಯಿತು, ಅಜ್ಜಿಯ ತಲೆ ಕಾಣಿಸಿತು.

"ತಿಪ್ಪೀ, ಪಿಲ್ಲಿ ಬುಟ್ಟಿ ತಾರೇ. ಬೇಗ."

ಅಪ್ಪನ ಕೈಯಿಂದ ಲಾಳಿ ಜಾರಿ ಕುಣಿಗೆ ಬಿತ್ತು. ಬುಟ್ಟಿ ಬೇಕಾಗಿದೆ ಎಂದರೆ ಅದರಲ್ಲಿ ಮಲಗುವವರು ಇದ್ದಾರೆ. ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಓಡಿದೆ. ಬಾಗಿಲ ಸಂದಿಯಲ್ಲಿ ಅದನ್ನು ಒಳಕ್ಕೆ ಎಳೆದುಕೊಂಡಾಗ ಮೊದಲ ಸಲ ಅಳು ಕೇಳಿತು. ತೆಳ್ಳಗಿತ್ತು, ಬೆಕ್ಕಿನ ಮರಿಯ ದನಿಯೇ. ಹೆಣ್ಣುಕೂಸು, ಸೊರಗಿದ ಮೈ, ದೊಡ್ಡ ತಲೆ. ಸಂಜೆ ನನ್ನನ್ನು ಹೊಸ್ತಿಲವರೆಗೆ ಬಿಟ್ಟರು. ಉದ್ದದ ಬುಟ್ಟಿಯಲ್ಲಿ, ನಾಲ್ಕು ಪದರದ ಕೌದಿಯೊಳಗೆ ಅದು ಮಲಗಿತ್ತು. ತಲೆಗೆ ಹಳದಿ ಕೆಂಪು ಕುಲಾವಿ. ನೆತ್ತಿಯ ಎರಡು ಕಂಡಿಗಳಿಂದ ಎರಡು ಚೂಪು ಕೂದಲ ಗೊಂಚಲು ಹೊರಗೆ ನಿಂತಿದ್ದವು. ಅವ್ವ ಮಲಗಿದಲ್ಲಿಂದಲೇ ನನ್ನನ್ನು ನೋಡಿ ನಕ್ಕಳು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಲೆಕ್ಕ. ಮೊದಲನೆಯ ಕೂಸು ಒಂಬತ್ತನೆಯ ದಿನ ಹೋಗಿತ್ತು. ಇದು ಒಂಬತ್ತು ದಾಟಬೇಕು. ಯಾರೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ನಾನು ಬೆಕ್ಕಿನ ಸಾಮಾನಿನ ಗೀಟುಗಳಲ್ಲಿ ಬುಟ್ಟಿ, ಕೌದಿ, ಬಟ್ಟೆ, ಕುಲಾವಿಯನ್ನು ಬೆರಳಿನಿಂದ ಒರೆಸಿ, ಆ ಜಾಗದಲ್ಲಿ ಕೂಸಿನ ದಿನಕ್ಕೊಂದು ಗೀಟು ಎಳೆಯತೊಡಗಿದೆ. ಎರಡನೆಯ ಗೀಟಿಗೇ ಅಜ್ಜಿ ಬಂದಳು. ಸಗಣಿ ನೀರಿನ ಬಟ್ಟೆಯಿಂದ ಗೋಡೆಯನ್ನೆಲ್ಲ ಸಾರಿಸಿಬಿಟ್ಟಳು.

"ಲೆಕ್ಕ ಪೆಟ್ಟೊದ್ದು! ಎಣಿಸಬ್ಯಾಡ ಅಂದೆ. ಕೂಸಿನ ದಿನ ಎಣಿಸ್ತಾರೇನೇ ಯಾರಾದ್ರೂ?"

ಎಣಿಸದೆ ಇರಲು ನನ್ನಿಂದ ಆಗಲಿಲ್ಲ. ಒಂದು ಕೆಂಪು ಎಳೆಯನ್ನು ಲಂಗದ ಲಾಡಿಯ ಒಳಗೆ ಸುತ್ತಿಕೊಂಡು, ಬೆಳಗ್ಗೆ ಎದ್ದು ಕೂಸಿನ ಅಳು ಕೇಳಿದ ಮೇಲೆ ಹಿತ್ತಲಲ್ಲಿ ಒಂದು ಗಂಟು ಹಾಕುತ್ತಿದ್ದೆ. ಗಂಟು ಹಾಕುವವರೆಗೆ ಹಲ್ಲು ಉಜ್ಜುತ್ತಿರಲಿಲ್ಲ. ಏಳನೆಯ ದಿನ ಕೂಸು ಹಾಲು ಕುಡಿಯಲಿಲ್ಲ. ಹೊಟ್ಟೆ ಬಿಗಿದು, ಕಾಲು ಮಡಿಸಿಕೊಂಡು, ಅಳುವ ಶಕ್ತಿಯೂ ಇಲ್ಲದೆ ಮುಲುಗುತ್ತಿತ್ತು. ಅವ್ವ ಕೂಸಿನ ಪಾದವನ್ನು ಹಿಡಿದುಕೊಂಡು ಕೂತಿದ್ದಳು. ಅಜ್ಜಿ ಅರಿಶಿನದ ಬಟ್ಟೆ ಬಿಚ್ಚಿ ಬಜೆಯನ್ನು ಅವ್ವನ ಹಾಲಿನಲ್ಲಿ ತೇಯ್ದು, ಬೆರಳ ತುದಿಯಲ್ಲಿ ಕೂಸಿನ ನಾಲಿಗೆಗೆ ಸವರಿದಳು. ಮಧ್ಯಾಹ್ನ ಮತ್ತೊಮ್ಮೆ, ಹೊತ್ತು ಇಳಿಯುವಾಗ ಮತ್ತೊಮ್ಮೆ. ನಾನು ಕಂಬಕ್ಕೆ ಒರಗಿ ನಿಂತು ಮನಸ್ಸಿನಲ್ಲೇ ಹೇಳಿಕೊಂಡೆ, ಬೆಕ್ಕು ಬರದಿದ್ದರೂ ಪರವಾಗಿಲ್ಲ. ಎಂಟನೆಯ ಬೆಳಗ್ಗೆ ಕೂಸು ಹಾಲು ಹಿಡಿಯಿತು. ಒಂಬತ್ತನೆಯ ದಿನ ಅಪ್ಪ ಮಗ್ಗಕ್ಕೆ ಇಳಿಯಲೇ ಇಲ್ಲ. ಹಿತ್ತಲಲ್ಲಿ ಬೇಕಿಲ್ಲದ ಕಟ್ಟಿಗೆಯನ್ನು ಇಡೀ ದಿನ ಒಡೆದ.

ಹತ್ತನೆಯ ದಿನ ಬಿಸಿಲೇರಿದ ಮೇಲೆ ಬೀದಿಗೆ ಹರಳೆಣ್ಣೆಯ ವಾಸನೆ ಬಂತು. ಬಿ.ಜಿ. ಕೆರೆಯ ಹತ್ತಿರ ಬಂಡಿಯ ಅಚ್ಚು ಮುರಿದು, ಹೊಸದನ್ನು ಹಾಕಿಸಿಕೊಂಡು ಬರುವಷ್ಟರಲ್ಲಿ ಇಷ್ಟು ದಿನವಾಯಿತು ಎಂದು ಖಾಸಿಂ ಸಾಬರು ಬೈದುಕೊಳ್ಳುತ್ತಲೇ ಇಳಿದರು. ಬಾಯಿ ಕಟ್ಟಿದ ಗೋಣಿಚೀಲವೊಂದು ಅವರ ಕೈಯಲ್ಲಿ ಒದ್ದಾಡುತ್ತಿತ್ತು.

"ಎಲ್ಲಿ ಬೇಟಿ, ತೋರ್ಸು ನೋಡಾನ. ಏನೇನು ತಯಾರು ಮಾಡೀಯಾ?"

ನಾನು ತೋರಿಸಿದೆ. ತೆಂಗಿನ ಚಿಪ್ಪು. ಮಡಕೆಯ ತಳದಲ್ಲಿ ಬೂದಿ. ಕೆಂಪು ಹಗ್ಗ.

"ಇಷ್ಟೇನಾ? ಒಂದೂವರೆ ತಿಂಗಳಿಂದ ಇಷ್ಟೇನಾ ಮಾಡಿದ್ದು? ಮಲಗಾಕೆ ಜಾಗ ಎಲ್ಲಿ?"

ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಖಾಸಿಂ ಸಾಬರು ಅಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು, ಚೀಲವನ್ನು ಮೆಲ್ಲಗೆ ಕೆಳಗಿಟ್ಟರು.

ಅಜ್ಜಿ ಚೀಲದ ಬಾಯಿ ಬಿಚ್ಚಿದಳು. ಬೂದು ಪಟ್ಟೆಯ ಮರಿ, ಮೈಯೆಲ್ಲ ಎಣ್ಣೆಯ ವಾಸನೆ, ಒಂದು ಕಣ್ಣಿನಲ್ಲಿ ಪಿಸುರು. ಅದನ್ನು ಕುತ್ತಿಗೆಯ ಹಿಂದೆ ಹಿಡಿದು ಒಲೆಯ ಸುತ್ತ ಮೂರು ಸುತ್ತು ತಿರುಗಿಸಿದಳು, ನಾಲ್ಕು ಪಾದಕ್ಕೂ ತುಪ್ಪ ಹಚ್ಚಿದಳು. ಆಮೇಲೆ ಬುಟ್ಟಿಯ ಹತ್ತಿರ ಬಗ್ಗಿ, ಕೂಸಿನ ಗದ್ದದ ಕೆಳಗಿನ ಲಾಡಿ ಬಿಚ್ಚಿ ಕುಲಾವಿ ತೆಗೆದು, ಮರಿಯ ಮುಂದೆ ನೆಲದ ಮೇಲೆ ಇಟ್ಟಳು.

"ಇಗಾ, ನಿಂದು. ನಿನ್ನ ಹೆಸರಿನ್ಯಾಗೆ ಇಸ್ಕೊಂಡಿದ್ವಿ."

ಮರಿ ಅದನ್ನು ಮೂಸಿತು, ಮೂರು ಸಲ ಸುತ್ತಿತು, ಅದರ ಮೇಲೆ ಕೂತು ಪಾದ ನೆಕ್ಕತೊಡಗಿತು. ಅಪ್ಪ ಮುಂದಿನ ಅಂಕಣಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ಕೇಳಿತು. ಅಜ್ಜಿ ನಡುವಿನ ಅಂಕಣಕ್ಕೆ ಬಂದು ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಆ ಹತ್ತು ದಿನಗಳಲ್ಲಿ ಅವಳು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಎಲೆಯಡಿಕೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ನೋಡದೆ, ದನಿ ತಗ್ಗಿಸಿ ಕೇಳಿದಳು:

"ಎಷ್ಟಾತೇ ತಿಪ್ಪೀ?"

ನಾನು ಲಂಗದ ಲಾಡಿಯೊಳಗಿನ ಎಳೆಯನ್ನು ಬೆರಳಿನಿಂದ ಮುಟ್ಟಿಕೊಂಡೆ. ಬೈಯಲು ಕೇಳುತ್ತಿದ್ದಾಳೋ ಏನೋ ಎಂದು ತಡೆದೆ. ಆಮೇಲೆ ಹೇಳಿದೆ:

"ಹತ್ತು ಅಜ್ಜಿ."

ಅವಳು ಚೀಲದ ಬಾಯಿ ಬಿಚ್ಚಿ ಮಡಿಲಿಗೆ ಸುರಿದುಕೊಂಡಳು. ಅಡಿಕೆಯ ಚೂರುಗಳ ನಡುವಿನಿಂದ ಹುಣಸೆ ಬೀಜಗಳನ್ನು ಒಂದೊಂದಾಗಿ ಆರಿಸಿ ನೆಲದ ಮೇಲೆ ಸಾಲಾಗಿ ಇಟ್ಟಳು. ಇಟ್ಟು ಮುಗಿಸಿ ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದಳು.

"ನಂಗೂ ಹತ್ತೇ ಬಂತು," ಎಂದಳು.

ಬೆಕ್ಕಿನ ಮರಿ ಎದ್ದು ಬಂದು ಕೊನೆಯ ಬೀಜವನ್ನು ಪಂಜದಿಂದ ತಳ್ಳಿತು. ಬೀಜ ಉರುಳಿ ಕಾಳಿನ ಗುಡಾಣದ ಹಿಂದೆ ಹೋಯಿತು. ನಾನು ಹುಡುಕಲು ಎದ್ದೆ. ಅಜ್ಜಿ ನನ್ನ ಲಂಗದ ತುದಿ ಹಿಡಿದು ಕೂರಿಸಿದಳು.